ಅವಳು ನಮ್ಮೊಂದಿಗಿಲ್ಲ

ಮಾದನಾಯಕನಹಳ್ಳಿ,
ಬುಧವಾರ, ೧೨ ಫೆಬ್ರುವರಿ ೨೦೨೫

ನನ್ನ ಜೀವದ ತಂಗಿ ನಂದಾ,

ಕೆಮ್ಮು ಹೇಗಿದೆ? ಹೋದ ಭಾನುವಾರ ನೀನು ಅವ್ವನ ಜೊತೆ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದೆಯಂತೆ. ಗಿರಣಿಯ ಹತ್ತಿಧೂಳು ಎದೆಗೆ ಇಳಿಯದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಅವರು ಕೊಡುವ ಮಾಸ್ಕು ಒಂದು ಸಲ ತೊಳೆದರೆ ಒದ್ದೆ ಕಾಗದದಂತೆ ಹರಿಯುತ್ತದೆ ಎಂದಿದ್ದೆಯಲ್ಲ, ಅದಕ್ಕೆ ಅವ್ವ ತನ್ನ ಹಳೇ ಇಳಕಲ್ ಸೀರೆಯ ಸೆರಗು ಹರಿದು, ಮಡಿಕೆ ಹಾಕಿ ಹೊಲಿದು ಈ ಲಕೋಟೆಯಲ್ಲಿ ಇಟ್ಟಿದ್ದಾಳೆ. ಸೆರಗು ಹರಿದದ್ದಕ್ಕೆ ನೀನು ಜಗಳ ತೆಗೆಯುತ್ತೀ ಎಂದೆ. "ಜಗಳಾಡ್ಲಿ ಬಿಡು, ಜಗಳಾಡಾಕ ಎದಿಯಾಗ ಉಸಿರ ಬೇಕಲ್ಲ" ಎಂದಳು. ಊಟ ಸೇರುತ್ತಿದೆಯೇ? ಮೂರು ಹೊತ್ತೂ ಅನ್ನ ಸಾಂಬಾರು ತಿಂದು ನಾಲಿಗೆ ಸತ್ತಿರಬೇಕು ಎಂದು ಬರೆಯಲು ಹೊರಟಿದ್ದೆ. ಬೇಡ, ಆ ಪದ ಈ ಕಾಗದದಲ್ಲಿ ಹಾಗೆ ಸುಮ್ಮಸುಮ್ಮನೆ ಬರುವುದು ಬೇಡ. ಅದಕ್ಕೆ ಮುಂದೆ ಬೇಕಾದಷ್ಟು ಕೆಲಸವಿದೆ.

ಕಾಗದ ಯಾಕೆ ಎನ್ನುತ್ತೀಯ. ನಿಮ್ಮ ಹಾಸ್ಟೆಲಿನವರು ಹುಡುಗಿಯರ ಫೋನುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಾರೆ. ಭಾನುವಾರ ವಾರ್ಡನ್ನಿನ ಗುಂಡಿ ಒತ್ತುವ ಫೋನಿನಲ್ಲಿ ಒಬ್ಬರಿಗೆ ಒಂದೇ ಕರೆ, ಅದೂ ಅವಳ ಎದುರಿಗೇ ನಿಂತು. ಕಾಗದವನ್ನು ಅವಳು ಒಡೆದರೂ ಓದಲಾರಳು, ಕನ್ನಡ ಬರುವುದಿಲ್ಲ. ನಾನೇ ತಿರುಪ್ಪೂರಿಗೆ ಬಂದು ಹೇಳೋಣವೆಂದರೆ, ಭೇಟಿಗೆ ಬಿಡುವುದು ತಿಂಗಳ ಕೊನೆಯ ಭಾನುವಾರ ಮಾತ್ರ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇವೆಲ್ಲ ಕಾರಣಗಳು. ನಿಜ ಬೇರೆ. ಹೋದ ಭಾನುವಾರ ನಿನ್ನ ಕರೆ ಬಂದಾಗಲೇ ಹೇಳಬಹುದಿತ್ತು. ಫೋನನ್ನು ಅವ್ವನ ಕೈಗಿಟ್ಟು ನಾನು ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಂತೆ. ಪೀಣ್ಯದ ಎಷ್ಟು ಕಾರ್ಖಾನೆ ಗೇಟುಗಳ ಮುಂದೆ ಮೈಕಿಲ್ಲದೆ ಕೂಗಿದ ಗಂಟಲು ಇದು, ನಿನ್ನ ಮುಂದೆ ಏಳಲಿಲ್ಲ.

ನಂದಾ, ನಾನು ನಿನ್ನನ್ನು ಕೊಂದಿದ್ದೇನೆ. ಇಲ್ಲಿಯ ಜನರ ಪಾಲಿಗೆ ನೀನು ಸತ್ತಿದ್ದೀಯ. ಕೊಂದದ್ದು ನಿನ್ನ ಅಣ್ಣ, ಅದೂ ಒಂದು ಪದ ಒತ್ತಿ. ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ, ಎಲ್ಲಿ ಕಾಲು ಜಾರಿತು ಎಂದು ನನಗೂ ಕಾಣಬೇಕು.

ನೀನಿದ್ದ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸರಿಗೆ ಒಂದು ಸಾಲಿಗೆ ಒಂದೇ ಟೋಕನ್ ಕೊಟ್ಟಿದ್ದರಲ್ಲ. ಉಚ್ಚೆಗೆ ಹೋಗುವವಳು ಆ ಹಳದಿ ಪ್ಲಾಸ್ಟಿಕ್ ಬಿಲ್ಲೆ ಕೊರಳಿಗೆ ಹಾಕಿಕೊಂಡು ಹೋಗಬೇಕು, ಅವಳು ಬರುವ ತನಕ ಉಳಿದವರು ತೊಡೆ ಬಿಗಿಹಿಡಿದು ಪೆಟ್ಟಿಗೆ ಕಟ್ಟಬೇಕು. ದನದ ಕೊರಳಿಗೂ ಗಂಟೆ ಕಟ್ಟುತ್ತಾರೆ, ಆದರೆ ಉಚ್ಚೆ ಹೊಯ್ಯಲು ಅಪ್ಪಣೆ ಕೇಳಿಸುವುದಿಲ್ಲ. ನೀನು ಒಂದು ದಿನ ಆ ಟೋಕನ್ನನ್ನೇ ಯಾರದೋ ಮಿಕ್ಸಿಯ ಪೆಟ್ಟಿಗೆಯೊಳಗೆ ಹಾಕಿ, ಟೇಪು ಸುತ್ತಿ, ಬೆಲ್ಟಿನ ಮೇಲೆ ಕಳಿಸಿಬಿಟ್ಟೆ. ಯಾವ ಊರಿನ ಯಾವ ಮಹಾರಾಯನ ಅಡುಗೆಮನೆಗೆ ಹೋಯಿತೋ. ಇಡೀ ಸಾಲು ನಕ್ಕಿತು. ಸೂಪರ್‌ವೈಸರ್ ಭಾನುಪ್ರಕಾಶ್ ನಿನ್ನನ್ನೂ ತೆಗೆದ, ನಿನ್ನ ಜೊತೆ ನಕ್ಕವರನ್ನೂ ತೆಗೆದ. ಆಮೇಲೆ ತುಮಕೂರು ರಸ್ತೆಯ ಯಾವ ಗೋದಾಮೂ ನಿನಗೆ ಬಾಗಿಲು ತೆರೆಯಲಿಲ್ಲ, ನೀನು ತಿರುಪ್ಪೂರಿಗೆ ಹೋಗಬೇಕಾಯಿತು. ಹೋಗುವಾಗ ಗೊರಗುಂಟೆಪಾಳ್ಯದಲ್ಲಿ ಬಸ್ಸಿನ ಕಿಟಕಿಗೆ ನೇತುಬಿದ್ದು ಆ ಹೆಂಗಸರು ಮಾತು ಕೊಟ್ಟರಲ್ಲ: ಕೆಲಸ ವಾಪಸು ಕೊಡುತ್ತೇವೆಂದು ಕಂಪನಿ ತೋರಿಸುವ 'ತಪ್ಪಾಯಿತು, ಕೇಸು ಬೇಡ' ಎಂಬ ಕಾಗದಕ್ಕೆ ಯಾರೂ ಸಹಿ ಹಾಕುವುದಿಲ್ಲ, ಕಾರ್ಮಿಕ ಅಧಿಕಾರಿಯ ಮುಂದೆ ನೀವೆಲ್ಲ ಹಾಕಿದ ಕೇಸಿನ ವಿಚಾರಣೆಯ ದಿನ "ಮೊದ್ಲು ನಂದಕ್ಕ ಮಾತಾಡ್ಲಿ, ಅವಳ ಹಿಂದೆ ನಾವೆಲ್ಲ" ಎಂದು. ಆ ವಿಚಾರಣೆ ಬರುವ ಮಂಗಳವಾರ. ಅದಕ್ಕೆಂದೇ ನೀನು ಒಂದು ದಿನದ ರಜೆ ಬೇಡಿ ಪಡೆದಿದ್ದೀಯ. ಕಂಪನಿ ಸಹಿಗೆ ಕೊಟ್ಟಿರುವ ಗಡುವು ಸೋಮವಾರ ಸಂಜೆ. ಎಲ್ಲರೂ ಅದರೊಳಗೆ ಸಹಿ ಹಾಕಿದರೆ ಮಂಗಳವಾರ ಅಲ್ಲಿ ನಿನ್ನ ಹಿಂದೆ ನಿಲ್ಲಲು ಯಾರೂ ಇರುವುದಿಲ್ಲ.

ನೀನು ಹೋದ ಮೇಲೆ ಆ ಟೋಕನ್ನಿನ ಕಥೆಯನ್ನು ನಾನು ಬರೆದೆ. ಫೋನಿನ ಕಥೆ ಆ್ಯಪಿನಲ್ಲಿ ಹಾಕಿದೆ. ಚೆನ್ನಾಗಿ ಬರೆದಿದ್ದೆ ನಂದಾ, ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕಂಪನಿಯನ್ನು ಹಿಡಿದು ಝಾಡಿಸಿದ್ದೆ, ನಿನ್ನ ನಗುವನ್ನು ಹಾಗೇ ಇಟ್ಟಿದ್ದೆ. ಕೊನೆಯ ಸಾಲು ಹೀಗಿತ್ತು: "ಆ ಟೋಕನ್ ಕಳಿಸಿದವಳು ನನ್ನ ತಂಗಿ ಮಹಾನಂದಾ. ಇಂದು ಅವಳು ನಮ್ಮೊಂದಿಗಿಲ್ಲ. ಕಿತ್ತುಕೊಂಡವರು ಉತ್ತರ ಹೇಳಬೇಕು." ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ತಿರುಪ್ಪೂರು. ಇದನ್ನು ನೀನು ನಂಬಬೇಕು. ಮುಂದೆ ಹೇಳುವ ಯಾವುದಕ್ಕೂ ನನ್ನನ್ನು ನಂಬು ಎಂದು ಕೇಳುವುದಿಲ್ಲ.

ಆ ಆ್ಯಪಿನಲ್ಲಿ ಬರಹ ಹಾಕಿದ ಮೇಲೆ ಅದಕ್ಕೆ ಟ್ಯಾಗ್ ಆರಿಸಬೇಕು. ಅಂದರೆ ಇದು ಯಾವ ಬಗೆಯ ಬರಹ ಎಂದು ಹಣೆಗೆ ಒಂದು ಚೀಟಿ ಅಂಟಿಸುವುದು. ಆ ಚೀಟಿ ನೋಡಿ ಓದುಗರು ಬರುತ್ತಾರೆ. ನಾನು 'ಕಾರ್ಮಿಕ' ಎಂದು ಹಾಕಿದೆ. ಓದಿದವರು ನಮ್ಮ ಸಂಘದವರು, ಅವರಲ್ಲೂ ಅರ್ಧ ಜನ ಬೆರಳೊತ್ತಿ ಮುಂದೆ ಹೋದವರು. 'ಬಂಡಾಯ' ಎಂದು ಹಾಕಿದೆ. ಚುನಾವಣೆ ಟಿಕೆಟ್ ಸಿಗದೆ ಮುನಿಸಿಕೊಂಡ ಯಾವನೋ ಧಣಿಯ ಹಿಂಬಾಲಕರು ಬಂದು ಜೈಕಾರ ಹಾಕಿ ಹೋದರು. ನಮ್ಮ ಹಿರಿಯರು ರಕ್ತ ಸುರಿಸಿ ಕಟ್ಟಿದ ಪದ, ಈಗ ಪಕ್ಷ ಬಿಡುವವರ ಪಾಲಾಗಿದೆ. 'ಹಸಿವು' ಎಂದು ಹಾಕಿದೆ. ನನ್ನ ಬರಹದ ಅಕ್ಕಪಕ್ಕ ಹೊಟ್ಟೆ ಕರಗಿಸುವ ಕಷಾಯದ ಸಲಹೆಗಳು ಕೂತವು. ನಗಬೇಡ. ನಕ್ಕರೆ ನಗು, ಕೆಮ್ಮು ಬಾರದ ಹಾಗೆ.

ತಗಡಿಗೆ ಪುಡಿಬಣ್ಣ ಹೊಡೆಯುವ ನಮ್ಮ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಲೋಕೇಶ್ ಎಂಬ ಹುಡುಗನಿದ್ದಾನೆ, ಬೇಗೂರಿನವನು. ಅದೇ ಆ್ಯಪಿನಲ್ಲಿ ಧಾರಾವಾಹಿ ಬರೆಯುತ್ತಾನೆ. ಒಬ್ಬಳೇ ನಾಯಕಿಯನ್ನು ಮೂರು ಸಲ ಮದುವೆ ಮಾಡಿಸಿದ್ದಾನೆ, ಜನ ಮುಗಿಬಿದ್ದು ಓದುತ್ತಾರೆ. ಊಟದ ಹೊತ್ತಿನಲ್ಲಿ ನನ್ನ ಬರಹ ಓದಿ ಅವನು ಡಬ್ಬಿ ಪಕ್ಕಕ್ಕೆ ಸರಿಸಿದ. "ಗುರು, ಸಕ್ಕತ್ತಾಗ್ ಬರ್ದಿದೀಯ. ಆದ್ರೆ ಒಳ್ಳೇ ಬಿರಿಯಾನಿ ಮಾಡ್ಬಿಟ್ಟು ಅಂಗ್ಡಿಗೆ ಹಾರ್ಡ್‌ವೇರ್ ಬೋರ್ಡ್ ಹಾಕ್ದಂಗಾಯ್ತು. 'ಕಾರ್ಮಿಕ' ಅಂತ ಹಾಕಿದ್ರೆ ಕಾರ್ಮಿಕರೂ ಓದಲ್ಲ ಕಣೋ" ಎಂದ. ಆಮೇಲೆ ಟ್ಯಾಗುಗಳ ಪಟ್ಟಿ ತೆಗೆದು, ಯಾವುದಕ್ಕೆ ಎಷ್ಟು ಓದುಗರಿದ್ದಾರೆ ಎಂದು ಬೆರಳಾಡಿಸಿ ತೋರಿಸಿದ. 'ಪ್ರೇಮ', 'ಅತ್ತೆ ಸೊಸೆ', 'ದೆವ್ವ'. ಅವುಗಳ ಕೆಳಗೆ, ಅವುಗಳಿಗೆ ಸರಿಸಮನಾಗಿ, 'ನುಡಿನಮನ'. ಅಲ್ಲಿ ಅವನ ಬೆರಳು ನಿಂತಿತು. "ಇದು ಸುಮ್ನೆ ಓಡತ್ತೆ, ಗುರು. ಜನಕ್ಕೆ ಅಳಕ್ಕೆ ಜಾಗ ಬೇಕು" ಎಂದ.

ನುಡಿನಮನ ಎಂದರೆ ಏನು ಎಂದು ನನಗೆ ಗೊತ್ತಿಲ್ಲವೇ? ಸಂಘದ ಎಷ್ಟು ಜನ ಸಂಗಾತಿಗಳಿಗೆ ನಾನೇ ನುಡಿನಮನದ ಬ್ಯಾನರ್ ಬರೆದಿದ್ದೇನೆ. ಪಟಕ್ಕೆ ಹಾರ ಹಾಕಿ, ಎದ್ದು ನಿಂತು, ತಲೆ ತಗ್ಗಿಸಿ, ಆಮೇಲೆ ಹೋದವರ ಬಗ್ಗೆ ಮಾತಾಡುವ ಸಭೆ ಅದು. ಬದುಕಿದ್ದವರಿಗೆ ಯಾರೂ ಮಾಡುವುದಿಲ್ಲ. ಆದರೂ ನನ್ನೊಳಗಿನ ಭಾಷಣಕಾರ ಎದ್ದು ನಿಂತು ವಾದ ಮಾಡಿದ. ನುಡಿ ಎಂದರೆ ಮಾತು, ನಮನ ಎಂದರೆ ನಮಸ್ಕಾರ, ತಂಗಿಗೆ ಮಾತಿನ ನಮಸ್ಕಾರ ಮಾಡಿದರೆ ಏನು ತಪ್ಪು? ಚಳವಳಿಯ ದಿನಗಳಲ್ಲಿ ಗೋಡೆ ಬರಹ ಬರೆಯುವಾಗ ಬಸ್ಸು ನಿಲ್ಲುವ ಕಡೆಯ ಗೋಡೆಯನ್ನೇ ಹುಡುಕುತ್ತಿರಲಿಲ್ಲವೇ? ಜನ ನೋಡುವ ಜಾಗ ಆರಿಸುವುದು ಮೋಸವಲ್ಲ, ಇದೂ ಒಂದು ಗೋಡೆ. ಹೀಗೆಲ್ಲ ವಾದಿಸಿ ಒತ್ತಿದೆ. ಗೋಡೆ ಬದಲಾಯಿಸಿದರೆ ಘೋಷಣೆಯ ಅರ್ಥ ಬದಲಾಗುವುದಿಲ್ಲ ನಂದಾ. ಇಲ್ಲಿ ಬದಲಾಯಿತು. ಬರಹದಲ್ಲಿ ಒಂದಕ್ಷರ ತಿದ್ದಲಿಲ್ಲ. 'ಕಾರ್ಮಿಕ'ದ ಕೆಳಗೆ "ಅವಳು ನಮ್ಮೊಂದಿಗಿಲ್ಲ" ಎಂದರೆ ನಿನ್ನನ್ನು ಕೆಲಸದಿಂದ ತೆಗೆದು ಊರು ಬಿಡಿಸಿದ್ದು. 'ನುಡಿನಮನ'ದ ಕೆಳಗೆ ಅದೇ ಸಾಲು ನಿನ್ನನ್ನು ಮಣ್ಣು ಮಾಡಿತು.

ಓದುಗರು ಬಂದರು. ಅಬ್ಬಾ, ಎಷ್ಟು ಬಂದರು! 'ಓಂ ಶಾಂತಿ' ಎಂದರು, 'ಮತ್ತೆ ಹುಟ್ಟಿ ಬಾ ತಂಗಿ' ಎಂದರು, ದೂರದ ದುಬೈನಿಂದ ಒಬ್ಬರು ತಮ್ಮ ತೀರಿಹೋದ ಅಕ್ಕನ ನೆನಪಾಯಿತು ಎಂದು ಉದ್ದಕ್ಕೆ ಬರೆದರು. ಮೊದಲ 'ಓಂ ಶಾಂತಿ' ಬಂದಾಗಲೇ ನಾನು ನಿಲ್ಲಿಸಬಹುದಿತ್ತು. ಕೈಮುಗಿದ ಚಿತ್ರ ಒತ್ತಿ ಧನ್ಯವಾದ ಹೇಳಿದೆ. ಯಾಕೆ ಗೊತ್ತೇ? ಅವರು ಟೋಕನ್ನಿನ ಬಗ್ಗೆಯೂ ಬರೆಯುತ್ತಿದ್ದರು. 'ಇಂಥ ಕಂಪನಿಗೆ ಧಿಕ್ಕಾರ' ಎನ್ನುತ್ತಿದ್ದರು. ಇಷ್ಟು ವರ್ಷ ಗೇಟಿನ ಮುಂದೆ ಅರಚಿದರೂ ಬೀಡಿ ಸೇದುತ್ತ ದಾಟಿಹೋದ ಜನ ಈಗ ನಿಂತು ಓದುತ್ತಿದ್ದಾರೆ ಎನ್ನಿಸಿತು. ಈ ನಾಡಿನಲ್ಲಿ ಬದುಕಿರುವ ಕೂಲಿಯವಳ ಕಥೆಗೆ ಕಿವಿಯಿಲ್ಲ, ಅವಳು ಸತ್ತರೆ ಸಾಲುಗಟ್ಟಿ ಬಂದು ಮೂಗು ಒರೆಸಿಕೊಳ್ಳುತ್ತಾರೆ. ಈ ಮಾತು ನಿಜ. ವೇದಿಕೆ ಕೊಟ್ಟರೆ ಇದರ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೆ ಆ ನಿಜವನ್ನು ಗುರಾಣಿ ಮಾಡಿಕೊಂಡು ಅದರ ಹಿಂದೆ ಬಚ್ಚಿಟ್ಟುಕೊಂಡವನು ನಾನು. ಓದುಗರ ಸಂಖ್ಯೆ ಏರುವುದನ್ನು ನೋಡಲು ಮೆಷಿನ್ನು ನಿಲ್ಲಿಸಿ ಫೋನು ತೆಗೆಯುತ್ತಿದ್ದೆ. ನಿನ್ನ ಸಾವಿನಿಂದ ನನಗೆ ಖುಷಿಯಾಗುತ್ತಿತ್ತು. ಇದನ್ನು ಇನ್ನೂ ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಶಶಿಕಲಾ ಬಂದಳು. ನಿನ್ನ ಸಾಲಿನಲ್ಲಿ ಟೇಪು ಕತ್ತರಿಸುತ್ತಿದ್ದ, ಇದೇ ಊರಿನ ಶಶಿಕಲಾ. ಅವ್ವ ಅಂಗಳದಲ್ಲಿ ಮೆಂತ್ಯ ಸೋಸುತ್ತ ಕೂತಿದ್ದಳು. ಶಶಿಕಲಾ ಒಂದು ಪಾತ್ರೆ ಅನ್ನ, ಇನ್ನೊಂದರಲ್ಲಿ ಅವರೆಕಾಳಿನ ಸಾರು ತಂದಿದ್ದಳು, ಮೇಲೆ ತಟ್ಟೆ ಮುಚ್ಚಿ. ಪಾತ್ರೆ ಕೆಳಗಿಟ್ಟವಳೇ ಅವ್ವನ ಕೊರಳಿಗೆ ಬಿದ್ದು ಗೊಳೋ ಎಂದಳು. ಅವ್ವನಿಗೆ ಗಾಬರಿ. "ಯಾಕವಾ, ಏನಾತು? ಯಾರು ಹ್ವಾದ್ರು? ನಿಮ್ಮತ್ತಿ ಹ್ವಾದಳೇನು?" ಎಂದಳು. ಶಶಿಕಲಾ ಮುಖ ಎತ್ತಿ ಅವ್ವನನ್ನು ನೋಡಿದಳು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ಮುದುಕಿಗೆ ಮಗಳ ಸಾವು ಇನ್ನೂ ತಿಳಿಸಿಲ್ಲ ಎಂದುಕೊಂಡಳು. ಕಣ್ಣೊರೆಸಿಕೊಂಡು, "ಊಂ ಅಮ್ಮ, ನಮ್ಮತ್ತೇನೇ... ಎದೆನೋವು ಅಂದ್ರು, ಅಂಗೇ ಓಗ್ಬಿಟ್ರು" ಎಂದಳು. ಗುಂಡುಕಲ್ಲಿನಂತಿರುವ ತನ್ನ ಅತ್ತೆಯನ್ನು ನಮ್ಮ ಅವ್ವನಿಗಾಗಿ ಅಲ್ಲೇ ಸಾಯಿಸಿದಳು. ಅವ್ವ ಅವಳ ಬೆನ್ನು ಸವರಿ, "ಹೋಗ್ಲಿ ಬಿಡವಾ, ಅಳಬ್ಯಾಡ. ಸತ್ತಾಕಿ ಬಗ್ಗಿ ಅನಬಾರದು, ಆದ್ರ ನಿನಗ ಭಾಳ ಕಾಡಿದ್ಲು" ಎಂದು ಸಮಾಧಾನ ಮಾಡಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಅವಳು ಹೋದ ಮೇಲೆ ಅವ್ವ ಆ ಪಾತ್ರೆಗಳನ್ನು ನೋಡುತ್ತ ಕೂತಳು. ತಟ್ಟೆ ಎತ್ತಿ ನೋಡಿದಳು, ಮತ್ತೆ ಮುಚ್ಚಿದಳು. "ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ. ಮಂದಿ ಆ ಮನಿಗೆ ಅನ್ನ ಒಯ್ತಾರ. ಇಕಿ ನಮಗ್ಯಾಕ ತಂದ್ಲು?" ಎಂದಳು. ಪಾತ್ರೆಯಿಂದ ಕಣ್ಣೆತ್ತಿ, "ಈಶಾ, ಸತ್ತ ಮನಿ ಯಾವುದು?" ಎಂದಳು.

ಹೇಳಿದೆ. ಅವ್ವ ಬೈಯಲಿಲ್ಲ, ಅಳಲಿಲ್ಲ. ಅನ್ನದ ಪಾತ್ರೆ ಕಂಕುಳಿಗಿಟ್ಟು, ಸಾರಿನ ಪಾತ್ರೆ ಕೈಯಲ್ಲಿ ಹಿಡಿದು, ಚಪ್ಪಲಿ ಕೂಡ ಮೆಟ್ಟದೆ ಶಶಿಕಲಾಳ ಮನೆಗೆ ನಡೆದಳು. ನಾನು ಹಿಂದೆ. ಅಲ್ಲಿ ಸತ್ತಳೆಂದ ಅತ್ತೆ ಜಗಲಿ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದಳು, "ಏನ್ ಮುದುಕವ್ವ, ಊಟ ಇಡ್ಕಂಡ್ ಬಂದಿದ್ದೀಯ" ಎಂದು ವಿಚಾರಿಸಿದಳು. ಬೇರೆ ದಿನವಾಗಿದ್ದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವ್ವ ಪಾತ್ರೆ ಇಳಿಸಿ, "ನನ್ನ ಮಗಳು ಅದಾಳವಾ. ನಿನ್ನೆ ಮೊನ್ನೆ ಮಾತಾಡೇನಿ, ಕೆಮ್ಮಾಕತ್ತಿದ್ಲು" ಎಂದಳು. ಶಶಿಕಲಾ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮನ್ಗೆ ಅಂಗೇ ಏಳಿದ್ದೀರಾ ಅಣ್ಣಾ? ಒಳ್ಳೇದ್ ಮಾಡಿದ್ರಿ. ಯಾರತ್ರಾನೋ ನಂದಕ್ಕನ ದನಿ ಮಾಡ್ಸಿದ್ರಾ?" ಎಂದು ಪಿಸುಗುಟ್ಟಿದಳು. ನಾನು ಆಣೆ ಮಾಡಿದೆ, ಅವಳು ಬದುಕಿದ್ದಾಳೆ ಎಂದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು. "ನೀವ್ ಬರ್ದಿದ್ದು ಸುಳ್ಳಾ, ಈಗ ಏಳ್ತಿರೋದು ಸುಳ್ಳಾ? ಒಂದು ಏಳಿ." ಬರೆದದ್ದು ಸುಳ್ಳಲ್ಲ ಎಂದೆ. "ಅಂಗಾದ್ರೆ ಸತ್ತವ್ಳೆ" ಎಂದಳು. ಅವಳ ತರ್ಕದಲ್ಲಿ ಎಲ್ಲಿಯೂ ತೂತು ಕಾಣಲಿಲ್ಲ.

ಅವಳೇ ಫೋನು ತೆಗೆದು ತೋರಿಸಿದಳು. ಕೆಲಸ ಕಳೆದುಕೊಂಡ ಹೆಂಗಸರೆಲ್ಲ ಇರುವ ಗೋದಾಮಿನ ಹಳೇ ವಾಟ್ಸಾಪ್ ಗುಂಪಿಗೆ ನನ್ನ ಬರಹವನ್ನು ಕಳಿಸಿದವನು ಭಾನುಪ್ರಕಾಶ್. ಕಂಪನಿಯವನೇ! ಅವನ ಕಂಪನಿಯನ್ನು ನಾನು ಹರಿದು ಹಾಕಿದ ಬರಹವನ್ನು ಅವನೇ ಮನೆಮನೆಗೆ ಹಂಚಿದ್ದ. ಹಂಚುವ ಮೊದಲು ನಾನು ಬರಹದ ಜೊತೆ ಹಾಕಿದ್ದ ನಿನ್ನ ಪಟಕ್ಕೆ, ಆ ನಗುವ ಪಟಕ್ಕೆ, ಯಾರ ಕೈಲೋ ಫೋನಿನಲ್ಲೇ ಹಾರ ಹಾಕಿಸಿ ಕೆಳಗೆ ದೀಪ ಹಚ್ಚಿಸಿದ್ದ. ಮೇಲೆ ಒಂದು ಸಾಲು: 'ಹೋದವರು ಹೋದರು. ಇದ್ದವರ ಮನೆಯ ಒಲೆ ಉರಿಯಲಿ. ಸೋಮವಾರದವರೆಗೆ ಆಫೀಸು ತೆರೆದಿರುತ್ತದೆ.' ಗೌರಿ ಮರುದಿನವೇ ಹೋಗಿ ಸಹಿ ಹಾಕಿದಳು. ನಿನ್ನ ಎಡಕ್ಕೆ ನಿಲ್ಲುತ್ತಿದ್ದ, ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಿದ್ದ ಗೌರಿ. "ನಂದಕ್ಕನೇ ಇಲ್ದ ಮೇಲೆ ಯಾರ್ ಮುಂದೆ ನಿಂತ್ಕೊಳ್ಳೋದು?" ಎಂದಳಂತೆ. ಅವಳ ಹಿಂದೆ ಇನ್ನೂ ಕೆಲವರು ಹೋಗಿದ್ದಾರೆ. ಅವರನ್ನು ನಾನು ಬೈಯಲಾರೆ. ಅವರು ಹೆದರಿ ಸಹಿ ಹಾಕಿದ್ದಲ್ಲ, ನಿನ್ನನ್ನು ಕಳೆದುಕೊಂಡು ಹಾಕಿದ್ದು.

ಅಂದೇ ಆ್ಯಪಿನಲ್ಲಿ ಇನ್ನೊಂದು ಬರಹ ಹಾಕಿದೆ. "ನನ್ನ ತಂಗಿ ಸತ್ತಿಲ್ಲ. ಅವಳು ಬದುಕಿದ್ದಾಳೆ." ಕೂಗಿ ಹೇಳಿದ ಹಾಗೆ ಬರೆದೆ. ಮೊದಲು ಓದಿದವರಿಗೇ ತಲುಪಲಿ ಎಂದು ಅದನ್ನೂ 'ನುಡಿನಮನ'ದ ಕೆಳಗೇ ಹಾಕಿದೆ. ಮೂರ್ಖ ನಾನು. ಜನ ಅದನ್ನು ಎದೆಗೊತ್ತಿಕೊಂಡರು. 'ಹೌದು ಅಣ್ಣ, ಮಹಾನಂದಾ ಸತ್ತಿಲ್ಲ, ನಮ್ಮೆಲ್ಲರ ಎದೆಯಲ್ಲಿ ಬದುಕಿದ್ದಾಳೆ' ಎಂದರು. 'ಹೋರಾಟಗಾರರಿಗೆ ಸಾವಿಲ್ಲ' ಎಂದರು. ನಮ್ಮ ಸಂಘದ ಹಿರಿಯರೊಬ್ಬರು ಫೋನು ಮಾಡಿ, ಇಷ್ಟು ಕೆಚ್ಚಿನ ಮಾತು ಈಚೆಗೆ ಓದಿರಲಿಲ್ಲ ಎಂದು ಗದ್ಗದರಾದರು, ಪೀಣ್ಯದಲ್ಲಿ ಒಂದು ಸಭೆ ಮಾಡೋಣ, ನಾನೇ ಹಾಲ್ ನೋಡುತ್ತೇನೆ ಎಂದರು. ಯಾರನ್ನು ದೂರಲಿ? 'ಸತ್ತಿಲ್ಲ, ಬದುಕಿದ್ದಾರೆ' ಎಂದು ಸತ್ತ ಸಂಗಾತಿಗಳ ಮೆರವಣಿಗೆಯಲ್ಲಿ ಮೊದಲು ಕೂಗುತ್ತಿದ್ದವನು ನಾನೇ. ನಿಜವಾಗಿ ಬದುಕಿದ್ದವಳ ಬಗ್ಗೆ ಹೇಳಲು ಹೊರಟಾಗ ಆ ಮಾತಿನಲ್ಲಿ ಏನೂ ಉಳಿದಿರಲಿಲ್ಲ. ಹಿರಿಯರಿಗೆ ಬಿಡಿಸಿ ಹೇಳಿದೆ. ಅವರು ನಂಬಿದರು ಎಂದು ಗೊತ್ತಾದದ್ದು, ನನ್ನನ್ನು ಬಾಯಿಗೆ ಬಂದಂತೆ ಬೈದದ್ದರಿಂದ. ಎರಡೂ ಬರಹ ಅಳಿಸಿ ಹಾಕಿದೆ. ಅದಕ್ಕೂ ಅರ್ಥ ಕಟ್ಟಿದರು, ಕಂಪನಿ ಹೆದರಿಸಿ ಅಳಿಸಿತು ಎಂದು.

ಅವ್ವ ನಿನ್ನೆ ಗೋದಾಮಿನ ಗೇಟಿಗೆ ಹೋಗಿದ್ದಳು, ನನಗೆ ಹೇಳದೆ. ಶಿಫ್ಟ್ ಬಿಡುವ ಹೊತ್ತಿಗೆ ನಿಂತು, ಹೊರಗೆ ಬಂದ ಒಬ್ಬೊಬ್ಬಳನ್ನೂ ತಡೆದು, "ನನ್ನ ಮಗಳು ಅದಾಳ, ಮಂಗಳವಾರ ಬರ್ತಾಳ" ಎಂದಳಂತೆ. ಕೆಲವರು ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಬ್ಬಳು ನೀರಿನ ಬಾಟಲಿ ಕೊಟ್ಟು ನೆರಳಿಗೆ ಕೂಡಿಸಿದಳು. ಮಗಳ ದುಃಖಕ್ಕೆ ಮುದುಕಿಗೆ ತಲೆ ಕೆಟ್ಟಿದೆ ಎಂದು ಸೆಕ್ಯುರಿಟಿಯವನು ಆಟೋ ಹತ್ತಿಸಿ ಕಳಿಸಿದ. ಮನೆಗೆ ಬಂದು ಅವ್ವ ಹೇಳಿದ್ದು ಇಷ್ಟು: "ನಾ ಹಡದಾಕಿ ಅದಾಳ ಅಂತ ನಾ ಹೇಳಿದ್ರ ನಡಿಯೂದಿಲ್ಲ. ನೀ ಬರದದ್ದು ನಡಿತೈತಿ." ಆಮೇಲೆ ನನಗೆ ರೊಟ್ಟಿ ಬಡಿಸಿದಳು. ಬಡಿಸದಿದ್ದರೆ ಚೆನ್ನಾಗಿತ್ತು.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನಾನು ಹಗುರಾಗುತ್ತೇನೆ, ನಿನ್ನ ಕೆಲಸ ಹಗುರಾಗುವುದಿಲ್ಲ. ಮಂಗಳವಾರ ನೀನು ಬಂದಾಗ ಏನು ಹೊಡೆಯುತ್ತೀಯೋ ಹೊಡೆ. ನಿನ್ನ ನಗುವನ್ನು ಜನರಿಗೆ ತಲುಪಿಸಬೇಕೆಂದು ಹೊರಟವನು, ನಿನ್ನ ಪಟಕ್ಕೆ ಹಾರ ಬೀಳುವ ತನಕ ನಿಲ್ಲಲಿಲ್ಲ. ನನ್ನ ಬರಹ ನಿನಗಾಗಿ ಎಂದುಕೊಂಡಿದ್ದೆ. ಟ್ಯಾಗ್ ಆರಿಸುವಾಗ ನನ್ನ ಕಣ್ಣು ನಿನ್ನ ಮೇಲಿರಲಿಲ್ಲ.

ಮೂಗಿಗೆ ಬಟ್ಟೆ ಕಟ್ಟಿಕೋ. ಜೊತೆಯ ಹುಡುಗಿಯರಿಗೆಲ್ಲ ನನ್ನ ನಮಸ್ಕಾರ ಹೇಳು. ನಿನ್ನ ಕೈಗೆ, ನಿನ್ನ ಬಾಯಿಗೆ ಯಾವ ಬೀಗವೂ ಬೀಳದಿರಲಿ ಎಂದು ಅವ್ವ ಹರಸಿದ್ದಾಳೆ. ಅವಳ ಹೆಬ್ಬೆಟ್ಟು ಕೆಳಗಿದೆ, ಮಸಿ ಸ್ವಲ್ಪ ಹರಡಿದೆ.

ನಿನ್ನ ಅಣ್ಣ,
ಈಶಪ್ಪ

ಮತ್ತೆ: ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಇಷ್ಟುದ್ದ ನನ್ನ ಗೋಳು ಬರೆದು ಬರೆಯಬೇಕಾದ್ದನ್ನೇ ಬಿಟ್ಟಿದ್ದೆ. ಈ ಭಾನುವಾರದ ನಿನ್ನ ಆ ಒಂದು ಕರೆಯನ್ನು ನಮಗೆ ಮಾಡಬೇಡ. ಶಶಿಕಲಾಗೆ ಮಾಡು, ನಂಬರು ಈ ಹಾಳೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ. ಇನ್ನೂ ಸಹಿ ಹಾಕದವರನ್ನೆಲ್ಲ ಅವಳು ತನ್ನ ಅಂಗಳದಲ್ಲಿ ಕೂಡಿಸುತ್ತಾಳೆ, ಗೌರಿಯನ್ನೂ ಎಳೆದು ತರುತ್ತಾಳೆ, ಸ್ಪೀಕರ್ ಹಾಕುತ್ತಾಳೆ. "ಅವಳ ಬಾಯಲ್ಲೇ ಕೇಳ್ಬೇಕು ಅಣ್ಣಾ. ಫೋನ್ ಬರ್ನಿಲ್ಲ ಅಂದ್ರೆ ಸೋಮವಾರ ನಾನೂ ಆಕ್ತೀನಿ ಸಹಿ" ಎಂದಿದ್ದಾಳೆ. ಫೋನಿನಲ್ಲಿ 'ನಾನು ಬದುಕಿದ್ದೇನೆ' ಎನ್ನಬೇಡ, ಆ ಮಾತನ್ನು ನಾನು ಕೆಡಿಸಿಟ್ಟಿದ್ದೇನೆ. ಒಬ್ಬೊಬ್ಬಳ ಹೆಸರು ಹಿಡಿದು ಬೈಯಿ. ವಾರ್ಡನ್ ಫೋನು ಕಿತ್ತುಕೊಳ್ಳುವ ತನಕ ಬೈಯಿ. ನನ್ನ ಸರದಿ ಬರದಿದ್ದರೂ ಚಿಂತೆಯಿಲ್ಲ. ಅವ್ವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೋದ ವಾರ ಕೇಳಿದ ದನಿಯೇ ಇನ್ನೊಂದು ವಾರಕ್ಕೆ ಸಾಕು ಎಂದಳು. ಸುಳ್ಳು. ಆದರೂ ನಮಗೆ ಮಾಡಬೇಡ.